ಅಮ್ಮನಿಗಾಗಿ ತೆಗೆದಿಟ್ಟ ಸ್ವರ

ನಾನು ಮಾತಾಡಿದರೆ ಈಗ ಎದುರಿನವರೂ ಪಿಸುಗುಡಲು ಶುರುಮಾಡುತ್ತಾರೆ. ಬ್ಯಾಂಕಿನ ಕೌಂಟರಿನವಳು, ಮಗಳ ಶಾಲೆಯ ಟೀಚರು, ಲಿಫ್ಟಿನಲ್ಲಿ ಸಿಗುವ ಈಜಿಪ್ಟಿನ ಮುದುಕ, ಎಲ್ಲರೂ ಅಷ್ಟೆ. ನನ್ನ ಗಂಟಲಿನಿಂದ ಹೊರಡುವುದು ಗಾಳಿ ಬೆರೆತ ಸಣ್ಣ ಸದ್ದು. ಅದನ್ನು ಕೇಳಿದ ಕೂಡಲೇ ಏನೋ ಗುಟ್ಟಿರಬೇಕು ಎಂದುಕೊಂಡು ಅವರೂ ಸ್ವರ ಇಳಿಸಿಬಿಡುತ್ತಾರೆ. ನನ್ನ ಕಿವಿ ಸರಿಯಾಗಿಯೇ ಉಂಟು ಮಾರಾಯ್ರೆ, ಗಟ್ಟಿಯಾಗಿ ಮಾತಾಡಿ ಎಂದು ಹೇಳಲಿಕ್ಕೂ ನಾನು ಪಿಸುಗುಡಲೇಬೇಕು. ಮೊದಮೊದಲು ಅಳು ಬರುತ್ತಿತ್ತು. ಈಗ ಒಮ್ಮೊಮ್ಮೆ ನಗು ಬರುತ್ತದೆ, ಒಮ್ಮೊಮ್ಮೆ ಸಿಟ್ಟು.

ಹಿಂದೆ ನನ್ನದು ಎಂಥ ಸ್ವರ ಅಂತೀರಿ! ನಮ್ಮೂರು ಕಿನ್ನಿಗೋಳಿಯ ಶಾಲೆಯಲ್ಲಿ ನನಗೆ ಮೈಕ್ ಸುಮತಿ ಎಂದೇ ಹೆಸರು. ದುಬೈಗೆ ಬಂದ ಮೇಲೂ ನಾನು ಅಡುಗೆಮನೆಯಲ್ಲಿ ಮಗಳನ್ನು ಕರೆದರೆ ಪಕ್ಕದ ಫ್ಲ್ಯಾಟಿನ ಮಗು ಎದ್ದು ಕೂರುತ್ತಿತ್ತಂತೆ. ಇವರು, ಅಂದರೆ ನನ್ನ ಗಂಡ ಜಯಕರ, ಗೋಡೆ ತೆಳು ಉಂಟು ಮಾರಾಯ್ತಿ ಎಂದು ನೂರು ಸಲ ಹೇಳಿರಬಹುದು. ಆದರೆ ಆ ಸ್ವರದಿಂದ ಒಂದು ಉಪಕಾರವಿತ್ತು. ನನ್ನ ಅಮ್ಮನಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಫೋನಿನಲ್ಲಿ ಅವರಿಗೆ ಕೇಳಿಸುತ್ತಿದ್ದುದು ನನ್ನ ಸ್ವರ ಒಂದೇ. ದಿನಾ ಹನ್ನೊಂದು ಗಂಟೆಗೆ ನಾನು ಫೋನು ಮಾಡಬೇಕು, ಅಣ್ಣನ ಹೆಂಡತಿ ವನಿತಾ ಸ್ಪೀಕರ್ ಹಾಕಿ ಅಮ್ಮನ ಕಿವಿಗೆ ಹಿಡಿಯಬೇಕು. ನಾವು ತುಳುವಿನಲ್ಲಿ ಊಟ, ಮೀನು, ಯಾರ ಮದುವೆ, ಯಾರ ಜಗಳ ಎಂದು ಅರ್ಧ ಗಂಟೆ ಕೂಗಾಡುತ್ತಿದ್ದೆವು. ಒಂದು ದಿನ ತಪ್ಪಿದರೆ ಅಮ್ಮ ಅನ್ನ ಬಡಿಸಿಕೊಳ್ಳುತ್ತಿರಲಿಲ್ಲ.

ನಮ್ಮ ಮನೆ ಡಿಸ್ಕವರಿ ಗಾರ್ಡನ್ಸಿನಲ್ಲಿ, ಮೂರನೇ ಮಾಳಿಗೆ, ಒಂದು ಬೆಡ್‌ರೂಮು. ಇವರಿಗೆ ಜಬೆಲ್ ಅಲಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್ ಕೆಲಸ. ಮಗಳು ಅನ್ವಿಗೆ ಆಗ ಎಂಟು ವರ್ಷ. ನಾನು ತುಳುವಿನಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿಟ್ಟಿದ್ದೆವು. ಗಲ್ಫಿನಲ್ಲಿರುವ ನಮ್ಮವರ ಮನೆಗೆ ಬಂದು ನೋಡಿ, ಗೋಡೆಯ ಮೇಲಿಲ್ಲದಿದ್ದರೆ ತಲೆಯೊಳಗಾದರೂ ಇಂಥ ಪಟ್ಟಿ ಇದ್ದೇ ಇರುತ್ತದೆ. ಜುಲೈಯಲ್ಲಿ ಶಾಲೆಗೆ ರಜೆ, ಆಗ ಊರಿಗೆ ಹೋಗುವುದು. ಇವರ ಹುಳುಕು ಹಲ್ಲು, ನನ್ನ ಕನ್ನಡಕ, ರವಿಕೆ ಹೊಲಿಸುವುದು, ನಾಗನಿಗೆ ತಂಬಿಲದ ಪೂಜೆ, ಮಗಳ ಕಾಲಿನ ಗುಳ್ಳೆ, ಎಲ್ಲ ಊರಿಗೆ ಹೋದಾಗ. ಇಲ್ಲಿ ಡಾಕ್ಟರು ಇಲ್ಲವೆಂದಲ್ಲ, ಇನ್ಶೂರೆನ್ಸ್ ಕಾರ್ಡೂ ಇತ್ತು. ಆದರೆ ನಮ್ಮ ಮೈಯನ್ನು ನಮ್ಮ ಭಾಷೆಯವರಿಗೇ ತೋರಿಸಬೇಕು ಎಂಬ ಒಂದು ಹಟ. ಇಲ್ಲಿ ಇರುವುದು ನಾಲ್ಕು ದಿನ ಎಂದು ಒಂಬತ್ತು ವರ್ಷ ಕಳೆದವರು ನಾವು.

ಆ ವರ್ಷ ರಜೆ ಮುಗಿಸಿ ಬಂದು ಒಂದೇ ತಿಂಗಳು ಆಗಿತ್ತು. ಸೆಪ್ಟೆಂಬರಿನ ಒಂದು ದಿನ ಕನ್ನಡಿಯೆದುರು ಕರಿಮಣಿ ಸರಿಮಾಡುವಾಗ ಕೊರಳಿನ ಬಲಬದಿಯಲ್ಲಿ ನೆಲಗಡಲೆಯಷ್ಟು ದಪ್ಪದ ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಇವರಿಗೆ ತೋರಿಸಿದೆ. ಇವರೂ ಮುಟ್ಟಿ ನೋಡಿ, ನೋವಿಲ್ಲ ಅಲ್ವಾ, ಊರಿಗೆ ಹೋದಾಗ ತೋರಿಸೋಣ ಎಂದರು. ನಾನೇ ಪೆನ್ನು ತೆಗೆದು ಪಟ್ಟಿಯ ಕೊನೆಯಲ್ಲಿ ಕೊರಳಿನ ಗಂಟು ಎಂದು ಬರೆದೆ. ಮಿಕ್ಸಿಯ ಬ್ಲೇಡಿನ ಕೆಳಗೆ.

ಫೆಬ್ರವರಿಯಲ್ಲಿ ಸ್ವರ ಒಡೆಯಿತು. ಇಲ್ಲಿ ಯಾರಿಗೆ ಏನಾದರೂ ಅದಕ್ಕೆ ಎರಡೇ ಕಾರಣ, ಒಂದು ಏಸಿ, ಇನ್ನೊಂದು ಮರಳುಗಾಳಿ. ನಾನೂ ಹಾಗೇ ತಿಳಿದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ, ಶುಂಠಿ ಕಷಾಯ ಕುಡಿದೆ. ಅಮ್ಮ ಫೋನಿನಲ್ಲಿ, ನಿನ್ನ ಆ ಹಾಳು ಏಸಿ ಬಂದ್ ಮಾಡು ಎಂದು ಗದರುತ್ತಿದ್ದರು. ದುಪಟ್ಟಾವನ್ನು ಕೊರಳಿಗೆ ಒಂದು ಸುತ್ತು ಹೆಚ್ಚು ಸುತ್ತಿಕೊಳ್ಳಲು ಶುರುಮಾಡಿದ್ದೂ ಆಗಲೇ. ಯಾರಿಂದ ಮುಚ್ಚಿಡುತ್ತಿದ್ದೆ ಎಂದು ಕೇಳಿದರೆ ಈಗಲೂ ಗೊತ್ತಿಲ್ಲ. ಬಹುಶಃ ನನ್ನಿಂದಲೇ.

ಮೇ ತಿಂಗಳಲ್ಲಿ ಲವೀನಾ ಹಿಡಿದಳು. ಅವಳು ನಮ್ಮ ಸಾಲಿನಲ್ಲೇ ಮೂರು ಬಾಗಿಲು ಆಚೆ ಇರುವ ಕೊಂಕಣಿ ಮನೆಯವಳು, ಊರು ಕಟಪಾಡಿ, ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಅಡುಗೆಮನೆಗೆ ಬಂದು ನಿಂತಿದ್ದವಳು ಮಾತಿನ ನಡುವೆ ನನ್ನ ಒಡೆದ ಸ್ವರ ಕೇಳಿ ಹತ್ತಿರ ಬಂದಳು. ಬಂದು ನನ್ನ ದುಪಟ್ಟಾ ಬಿಚ್ಚಿ ಎರಡು ಬೆರಳಿಟ್ಟು ನೋಡಿದಳು.

"ಇದು ಯಾವಾಗಿಂದ ಸುಮತಿ?"

ಸೆಪ್ಟೆಂಬರಿನಿಂದ, ಜುಲೈಯಲ್ಲಿ ಊರಿಗೆ ಹೋದಾಗ ತೋರಿಸುತ್ತೇವೆ ಎಂದೆ. ಅವಳು ಫ್ರಿಜ್ಜಿನ ಬಾಗಿಲಿನ ಪಟ್ಟಿ ನೋಡಿದಳು, ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ನಾಳೆ ನನಗೆ ಆಫ್ ಉಂಟು, ಎಂಟು ಗಂಟೆಗೆ ರೆಡಿಯಾಗಿರು ಎಂದಷ್ಟೇ ಹೇಳಿದಳು. ಅವಳ ಆಫ್ ಆ ವಾರ ಇರಲೇ ಇಲ್ಲವೆಂದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಕಾಯುವ ಕೋಣೆಗಳ ಬಗ್ಗೆ ಹೇಳಲೇಬೇಕು. ಸ್ಕ್ಯಾನಿಗೆ ಒಂದು, ಗಂಟಿಗೆ ಸೂಜಿ ಹಾಕಿ ಪರೀಕ್ಷಿಸಲು ಒಂದು, ವರದಿಗೆ ಇನ್ನೊಂದು. ಹೆಂಗಸರ ಕೋಣೆ ಬೇರೆ. ಸೂಜಿ ಹಾಕುವ ದಿನ ಪಕ್ಕದಲ್ಲಿ ಕುಳಿತಿದ್ದ ಅರಬ್ಬಿ ಅಜ್ಜಿಯೊಬ್ಬರು ಏನೂ ಕೇಳದೆ, ನನ್ನ ಕೈ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ನನ್ನ ಹೆಸರು ಕರೆಯುವವರೆಗೆ ಬಿಡಲಿಲ್ಲ. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು. ನಮ್ಮ ಭಾಷೆಯವರೇ ಬೇಕು ಎಂದು ಎಂಟು ತಿಂಗಳು ಕಾದಿದ್ದ ನನಗೆ ಆಗ ನಾಚಿಕೆಯಾಯಿತು.

ಥೈರಾಯ್ಡಿನ ಕ್ಯಾನ್ಸರ್ ಎಂದರು. ಒಳ್ಳೆಯ ಜಾತಿಯ ಕ್ಯಾನ್ಸರ್, ಜೀವಕ್ಕೆ ಭಯವಿಲ್ಲ ಎಂದೂ ಹೇಳಿದರು. ಆದರೆ ಸ್ವರದ ನರಕ್ಕೆ ಅದು ಅಂಟಿಕೊಂಡಿದೆ, ನರ ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು ಸರ್ಜನ್. ಅವರು ಸಿರಿಯಾದವರು, ಮೆತ್ತಗಿನ ಮನುಷ್ಯ. ಸೆಪ್ಟೆಂಬರಿನಲ್ಲೇ ಬಂದಿದ್ದರೆ ಎಂದು ಕೇಳಿದೆ. ಅವರು ಕಾಗದ ಮಡಚುತ್ತ, ಈಗ ಬಂದಿದ್ದೀರಲ್ಲ ಎಂದರು. ಉತ್ತರ ನನಗೆ ತಿಳಿಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅದು ನಾನೇ. ಇವರು ಮನೆಗೆ ಬಂದವರೇ ಸೀದಾ ಹೋಗಿ ಫ್ರಿಜ್ಜಿನ ಪಟ್ಟಿ ಕಿತ್ತು ಚೂರು ಮಾಡಿದರು. ಆಮೇಲೆ ಚೂರುಗಳನ್ನು ಕೈಯಲ್ಲಿ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕುಳಿತು ಅತ್ತರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾನು ಅವರ ಅಳು ನೋಡಿದ್ದು ಅದೇ ಮೊದಲು. ಇದೇ ಅಭ್ಯಾಸದಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ರವಿಕೆ ಕಾಯುತ್ತದೆ, ತಂಬಿಲವೂ ಕಾಯುತ್ತದೆ, ಮೈ ಕಾಯುವುದಿಲ್ಲ.

ಊರಿಗೆ ಹೇಳುವುದು ಬೇಡ ಎಂದು ತೀರ್ಮಾನಿಸಿದವಳು ನಾನೇ. ಇದು ಗಲ್ಫಿನವರ ಇನ್ನೊಂದು ರೋಗ. ಇಲ್ಲಿಯ ಕಷ್ಟ ಅಲ್ಲಿಗೆ ಹೇಳುವುದಿಲ್ಲ, ಅಲ್ಲಿಯದು ಇಲ್ಲಿಗೆ ಹೇಳುವುದಿಲ್ಲ, ಎರಡೂ ಕಡೆ ಎಲ್ಲಾ ಒಳ್ಳೆದುಂಟು. ಅಮ್ಮನಿಗೆ ಎಪ್ಪತ್ತಾರು ವರ್ಷ, ಬಿಪಿ ಬೇರೆ. ಅಣ್ಣನಿಗೆ ಹೇಳಿದರೆ ವನಿತಾಳಿಗೆ ಗೊತ್ತಾಗುತ್ತದೆ, ವನಿತಾಳಿಗೆ ಗೊತ್ತಾದರೆ ಸಂಜೆಯೊಳಗೆ ಕಿನ್ನಿಗೋಳಿ ಪೇಟೆಗೇ. ಈ ವರ್ಷ ಇವರಿಗೆ ರಜೆ ಸಿಗಲಿಲ್ಲ, ಬರುವುದಿಲ್ಲ ಎಂದು ಸುಳ್ಳು ಹೇಳಿದೆವು. ಆದರೆ ದಿನದ ಫೋನಿಗೆ ಏನು ಮಾಡುವುದು?

ಉಪಾಯ ಹೊಳೆದದ್ದೂ ನನಗೇ. ಅಪರೇಷನ್ನಿನ ಹಿಂದಿನ ವಾರ ಬೆಡ್‌ರೂಮಿನ ಬಾಗಿಲು ಹಾಕಿ, ಸದ್ದು ಬಾರದಿರಲಿ ಎಂದು ಏಸಿ ಬಂದ್ ಮಾಡಿ, ಬೆವರುತ್ತ ಕುಳಿತು ಇವರ ಫೋನಿನಲ್ಲಿ ಇಪ್ಪತ್ತೈದು ವಾಯ್ಸ್ ಮೆಸೇಜು ರೆಕಾರ್ಡ್ ಮಾಡಿದೆ. ಯಾವ ದಿನಕ್ಕೂ ಹೊಂದುವಂಥ ಮಾತುಗಳು. ಇವತ್ತು ಬಹಳ ಸೆಕೆ. ಅನ್ವಿಗೆ ಪರೀಕ್ಷೆ ಮುಗಿಯಿತು. ಊಟ ಮಾಡಿದ್ರಾ, ಮಾತ್ರೆ ತಗೊಂಡ್ರಾ. ಇಲ್ಲಿ ಇಂಟರ್ನೆಟ್ ಕಾಲ್ ಬಂದ್ ಮಾಡಿದ್ದಾರೆ, ಸ್ವಲ್ಪ ಸಮಯ ಹೀಗೆ ಮೆಸೇಜೇ ಎಂದು ಮೊದಲನೆಯದರಲ್ಲೇ ಹೇಳಿಟ್ಟೆ. ಒಡೆದ ಸ್ವರವಾದರೂ ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ. ಅನುಮಾನ ಬರಬಾರದೆಂದು ಕೆಲವದರಲ್ಲಿ ನಕ್ಕೆ. ದಿನ ಬಿಟ್ಟು ದಿನ ಒಂದೊಂದು ಕಳಿಸಬೇಕು ಎಂದು ಇವರಿಗೆ ಪಾಠ ಹೇಳಿಕೊಟ್ಟೆ. ಅಮ್ಮನನ್ನು ಎಷ್ಟು ಚೆನ್ನಾಗಿ ಕಾಪಾಡಿದೆ ಎಂದು ಮನಸ್ಸಿನಲ್ಲೇ ಹೆಮ್ಮೆಪಟ್ಟುಕೊಂಡು ಜೂನಿನಲ್ಲಿ ಆಸ್ಪತ್ರೆಗೆ ಹೋದೆ.

ಎಚ್ಚರವಾದಾಗ ಮೊದಲು ಅನ್ವಿ ಎಲ್ಲಿ ಎಂದು ಕೇಳಿದೆ. ಕೇಳಿದೆ ಎಂದು ನಾನು ಅಂದುಕೊಂಡದ್ದಷ್ಟೆ. ತುಟಿ ಆಡಿತು, ಗಾಳಿ ಹೋಯಿತು, ಸದ್ದು ಬರಲಿಲ್ಲ. ಎರಡು ವಾರ ಕಳೆಯಲಿ ಎಂದರು. ಎರಡು ವಾರದ ಮೇಲೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ನರವನ್ನು ತೆಗೆಯಲೇಬೇಕಾಗಿತ್ತು, ಇದು ಇಷ್ಟೇ ಎಂದರು. ಆ ದಿನ ಟ್ಯಾಕ್ಸಿಯಲ್ಲಿ ಇಡೀ ದಾರಿ ಅತ್ತೆ. ಅಳುವಿಗೂ ಸದ್ದು ಇರಲಿಲ್ಲ, ಡ್ರೈವರಿಗೆ ಗೊತ್ತೇ ಆಗಲಿಲ್ಲ.

ಮುಂದಿನ ಚಿಕಿತ್ಸೆಗೆ ಮೊದಲು ಕೆಲವು ವಾರ ಅಯೋಡಿನ್ ಇಲ್ಲದ ಊಟ. ಮೀನಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ, ಪ್ಯಾಕೆಟಿನ ಉಪ್ಪೂ ಇಲ್ಲ. ಕರಾವಳಿಯವಳಿಗೆ ಮೀನು ಬಿಡಿಸಿದರೆ ಇನ್ನೇನು ಉಳಿಯುತ್ತದೆ ಹೇಳಿ. ಥೈರಾಯ್ಡಿನ ಮಾತ್ರೆಯನ್ನೂ ನಿಲ್ಲಿಸಿದ್ದರಿಂದ ಹೊರಗೆ ಬೆಂಕಿ ಬಿಸಿಲಿರುವಾಗ ನಾನು ಕಂಬಳಿ ಹೊದ್ದು ನಡುಗುತ್ತಿದ್ದೆ. ಕೆಳಗಿನ ಗ್ರೋಸರಿಗೆ ಫೋನು ಮಾಡಿದರೆ ಮಲಬಾರಿನ ಅಂಗಡಿಯಾತ ಹಲೋ ಹಲೋ ಎಂದು ಕರೆದು ಇಟ್ಟುಬಿಡುತ್ತಿದ್ದ. ಮೂರನೇ ದಿನ ಬಾಗಿಲು ಬಡಿದ ಸದ್ದಾಯಿತು. ಆತನೇ ನಿಂತಿದ್ದ, ಕೈಯಲ್ಲಿ ಕೊತ್ತಂಬರಿ ಸೊಪ್ಪು, ಟೊಮೆಟೊ, ಬಾಳೆಹಣ್ಣು. ನಂಬರು ನೋಡಿ ಗೊತ್ತಾಯಿತು ಚೇಚಿ, ಇನ್ನು ಮುಂದೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ನಾನೇ ಬಂದು ಕೇಳುತ್ತೇನೆ ಎಂದ. ಅವನೂ ಪಿಸುಗುಟ್ಟಿಯೇ ಹೇಳಿದ.

ಜುಲೈ ಕೊನೆಗೆ ವಿಕಿರಣದ ಅಯೋಡಿನ್ ಕುಡಿಸಿದರು. ಆಸ್ಪತ್ರೆಯ ಮುಚ್ಚಿದ ಕೋಣೆಯಲ್ಲಿ ಮೂರು ದಿನ, ಆಮೇಲೆ ಮನೆಯಲ್ಲಿ ಮಕ್ಕಳಿಂದ ದೂರ ಎರಡು ವಾರ. ಒಂದು ಬೆಡ್‌ರೂಮಿನ ಮನೆಯಲ್ಲಿ ದೂರ ಎಂದರೆ ಎಷ್ಟು ದೂರ? ನಾನು ಬೆಡ್‌ರೂಮಿನೊಳಗೆ, ಇವರು ಹೊರಕೋಣೆಯ ಸೋಫಾದಲ್ಲಿ, ಅನ್ವಿ ಲವೀನಾಳ ಮನೆಯಲ್ಲಿ. ಇವರು ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹಿಂದೆ ಸರಿಯುತ್ತಿದ್ದರು. ಸಂಜೆ ಅನ್ವಿ ನಮ್ಮ ಮನೆಯ ಹೊಸ್ತಿಲಿನಲ್ಲಿ ನಿಂತು, ಮಮ್ಮಾ, ಆರ್ ಯು ಗ್ಲೋಯಿಂಗ್ ಇನ್ ದ ಡಾರ್ಕ್ ಎಂದು ಕೂಗುತ್ತಿದ್ದಳು. ನನ್ನ ಉತ್ತರ ಅವಳ ತನಕ ಹೋಗುತ್ತಿರಲಿಲ್ಲ. ಒಂದು ಸಲ ಬಾಗಿಲು ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ ಎಂದು ಅವಳೇ ಕಾನೂನು ಮಾಡಿದಳು.

ಎರಡು ವಾರ ಮುಗಿದು ಹೊರಗೆ ಬಂದ ದಿನ ಅಮ್ಮನ ಮೆಸೇಜುಗಳನ್ನು ಕೇಳಿಸಿ ಎಂದೆ. ಇವರು ಫೋನು ಕೊಡಲಿಲ್ಲ. ಮೊದಲು ಊಟ ಮಾಡು ಎಂದರು. ಊಟವಾದ ಮೇಲೆ ಮಲಗು ಎಂದರು. ನಾನು ಹತ್ತಿರ ಹೋಗಿ ಕೈಚಾಚಿ ನಿಂತೆ. ಕೊನೆಗೆ ಫೋನನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಎಲ್ಲ ಹೇಳಿದರು.

ನಾನು ಆಸ್ಪತ್ರೆಯ ಕೋಣೆಯಲ್ಲಿದ್ದಾಗ ಊರಿನಲ್ಲಿ ಕಮಲ ಚಿಕ್ಕಮ್ಮ ತೀರಿಕೊಂಡಿದ್ದರು. ಚಿಕ್ಕಮ್ಮ ಅಮ್ಮನ ತಂಗಿ, ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದವರು. ನನಗೆ ಏಳನೇ ಕ್ಲಾಸಿನವರೆಗೆ ಜಡೆ ಹಾಕಿದ್ದು ಅವರೇ. ಬೆಳಿಗ್ಗೆ ಅಮ್ಮ ಅಳುತ್ತ, ಕಮಲ ಹೋದಳು ಮಗಾ, ಹೇಗಾದ್ರೂ ಮಾಡಿ ಫೋನಿಗೆ ಬಾ, ನಿನ್ನ ಸ್ವರ ಕೇಳ್ಬೇಕು ಎಂದು ಮೆಸೇಜು ಕಳಿಸಿದ್ದರು. ಗೋದಾಮಿನೊಳಗೆ ಫೋನು ಒಯ್ಯುವಂತಿಲ್ಲ, ಲಾಕರಿನಲ್ಲಿ ಇಡಬೇಕು. ಚಹಾದ ಹೊತ್ತಿಗೆ ಇವರು ಬಂದು ಫೋನು ತೆಗೆದರು. ಅಮ್ಮನ ಮೆಸೇಜು ಎಂದಿನಂತೆ ಊಟದ ವಿಚಾರವಿರಬಹುದು, ಸಂಜೆ ಬಸ್ಸಿನಲ್ಲಿ ಕೇಳೋಣ ಎಂದುಕೊಂಡು ಆ ದಿನದ ಪಾಲಿನದನ್ನು ಕಳಿಸಿ, ಮತ್ತೆ ಲಾಕರಿಗೆ ಹಾಕಿ ಹೋದರು.

ಕಿನ್ನಿಗೋಳಿಯಲ್ಲಿ ಚಿಕ್ಕಮ್ಮನನ್ನು ಚಾವಡಿಯಲ್ಲಿ ಮಲಗಿಸಿದ್ದರು. ಸುಮತಿಯ ಮೆಸೇಜು ಬಂತು ಎಂದು ವನಿತಾ ಸ್ಪೀಕರ್ ಹಾಕಿ ಅಮ್ಮನ ಕಿವಿಗೆ ಹಿಡಿದಳು. ಸೇರಿದ್ದ ಜನವೆಲ್ಲ ಸುಮ್ಮನಾಯಿತಂತೆ. ಹೆಣದ ಪಕ್ಕದಲ್ಲಿ ನನ್ನ ಸ್ವರ ಕೂಗಿತು: "ಅಮ್ಮಾ, ಇವತ್ತು ಕರಾಮದ ಅಂಗಡಿಯಲ್ಲಿ ಕೆಸುವಿನ ಎಲೆ ಸಿಕ್ಕಿತು. ಪತ್ರೊಡೆ ಮಾಡಿದೆ. ಇವ್ರು ನಾಲ್ಕು ತಿಂದ್ರು. ಬಹಳ ಒಳ್ಳೆದಾಯ್ತು ನೋಡಿ!" ಆಮೇಲೆ ನನ್ನ ನಗು.

ಇವರು ಸಂಜೆ ಬಸ್ಸಿನಲ್ಲಿ ಅಮ್ಮನದನ್ನು ಕೇಳಿ ಕೂಡಲೇ ಅಣ್ಣನಿಗೆ ಫೋನು ಮಾಡಿದ್ದರು. ಸುಮತಿ ಅಮ್ಮನ ಮೆಸೇಜು ಕೇಳದೆ ಕಳಿಸಿದ್ದು ಎಂದರಂತೆ. ಹಾಗಾದರೆ ಈಗ ಕೊಡಿ ಅವಳಿಗೆ ಎಂದು ಅಣ್ಣ ಕೇಳಿದಾಗ, ತಲೆನೋವು, ಮಲಗಿದ್ದಾಳೆ ಎಂದರಂತೆ. ಅದರ ಮೇಲೆ ಅಲ್ಲಿಂದ ಒಂದೂ ಮೆಸೇಜು ಬಂದಿರಲಿಲ್ಲ. ಕೋಣೆಯೊಳಗಿದ್ದವಳಿಗೆ ಹೇಗೆ ಹೇಳಲಿ ಎಂದು ಇವರು ನನ್ನಿಂದಲೂ ಮುಚ್ಚಿಟ್ಟಿದ್ದರು. ನಾನು ಕಲಿಸಿಕೊಟ್ಟ ಪಾಠವೇ ಅಲ್ಲವೇ ಅದು. ಬೈಯಬೇಕು ಎಂದು ಬಾಯಿ ತೆರೆದೆ, ಬೈಗುಳಕ್ಕೆ ಬೇಕಾದ ಸ್ವರ ಇಲ್ಲ. ಕೈಗೆ ಸಿಕ್ಕ ಸ್ಟೀಲಿನ ಮುಚ್ಚಳ ತೆಗೆದು ಗೋಡೆಗೆ ಎಸೆದೆ. ಚಿಕ್ಕಮ್ಮನಿಗಾಗಿ ಅತ್ತದ್ದು ಆಮೇಲೆ.

ಕೂಡಲೇ ವನಿತಾಳ ಫೋನಿಗೆ ಕರೆ ಮಾಡಿಸಿದೆ. ಅಮ್ಮಾ, ಅಮ್ಮಾ ಎಂದು ಇದ್ದ ಉಸಿರನ್ನೆಲ್ಲ ಹಾಕಿದೆ. ಯಾರು, ಯಾರಿದು, ಏನೂ ಕೇಳುದಿಲ್ಲ ಎಂದರು ಅಮ್ಮ. ಅತ್ತೆ, ಸುಮತಿ, ಸುಮತಿ ಎಂದು ವನಿತಾ ಅವರ ಕಿವಿಯ ಬಳಿ ಕಿರುಚಿದಳು. ಆಗ ಅಮ್ಮನ ಸ್ವರ ದೂರ ಸರಿಯಿತು. ನಾನಿಲ್ಲ ಅಂತ ಹೇಳು ಅವಳಿಗೆ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಇವರು ಅವತ್ತೇ ಅಣ್ಣನಿಗೆ ಮೊದಲಿನಿಂದ ಎಲ್ಲವನ್ನೂ ಹೇಳಿದರು. ಅಣ್ಣ ಅಮ್ಮನಿಗೆ ಹೇಳಿದ. ನಾಲ್ಕು ದಿನ ಅಲ್ಲಿಂದ ಸುದ್ದಿಯಿಲ್ಲ. ಐದನೇ ದಿನ ಅಮ್ಮನದೊಂದು ಮೆಸೇಜು ಬಂತು. ಒಂಬತ್ತು ವರ್ಷದಿಂದ ನಾವು ಬನ್ನಿ ಬನ್ನಿ ಎಂದು ಕರೆದರೆ, ಆ ಮರಳಿನಲ್ಲಿ ನನಗೇನು ಕೆಲಸ ಎನ್ನುತ್ತಿದ್ದವರು, ನನ್ನನ್ನು ಅಲ್ಲಿಗೆ ಕರೆಸಿ ಎಂದಷ್ಟೇ ಹೇಳಿದ್ದರು.

ಪಾಸ್‌ಪೋರ್ಟು, ವಿಸಿಟ್ ವೀಸಾ ಎಲ್ಲ ಆಗಿ ನವೆಂಬರ್ ಬಂತು. ಅಬುಧಾಬಿಗೆ ಮರಳುತ್ತಿದ್ದ ಮುಲ್ಕಿಯ ದಂಪತಿಗಳ ಜೊತೆ ಅಮ್ಮ ಬಂದರು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಿಂದ ಎದ್ದು ಬಂದವರೇ ನನ್ನ ದುಪಟ್ಟಾ ಸರಿಸಿ ಕೊರಳು ನೋಡಿದರು. ಇಷ್ಟುದ್ದ ಕೊಯ್ದಿದ್ದಾರಾ ಎಂದರು. ಎರಡು ದಿನ ಅನ್ವಿಯ ತಲೆ ಬಾಚಿದರು, ನನಗೆ ಗಂಜಿ ಬೇಯಿಸಿದರು, ಇವರ ಜೊತೆ ಊರಿನ ಸುದ್ದಿ ಆಡಿದರು. ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಇನ್ನೂ ಸಿಟ್ಟು ಹೋಗಿಲ್ಲ ಎಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಇವರು ಕೆಲಸಕ್ಕೆ, ಅನ್ವಿ ಶಾಲೆಗೆ ಹೋಗಿದ್ದರು. ಅಮ್ಮ ಸೋಫಾದಲ್ಲಿ ಕುಳಿತು ಅಲಸಂಡೆ ಮುರಿಯುತ್ತಿದ್ದರು. ತಲೆಯೆತ್ತದೆ ಮಾತಾಡಲು ಶುರುಮಾಡಿದರು.

"ಕಮಲನ ಹೆಣ ಅಲ್ಲಿ ಮಲಗಿತ್ತು. ನೀನು ನಕ್ಕಿ. ನನಗೆ ಹೊಟ್ಟೆ ಉರಿದು ಹೋಯ್ತು. ಎಲ್ಲರ ಎದುರು ಹೇಳಿದೆ, ಇವಳ ಬಾಯಿ ಬಿದ್ದು ಹೋಗ್ಲಿ ಅಂತ." ಅಲಸಂಡೆಯನ್ನು ಬುಟ್ಟಿಗೆ ಹಾಕಿದರು. "ಹೆತ್ತವಳ ಬಾಯಲ್ಲಿ ಬಂದದ್ದು ತಟ್ಟದೆ ಇರ್ತದಾ? ತಟ್ಟಿತು. ನನ್ನ ಕೈಯಲ್ಲಿ ಇಂಥ ಪಾಪ ಯಾಕೆ ಮಾಡಿಸಿದಿ ಮಗಾ?"

ಇಲ್ಲಮ್ಮ, ಹಾಗಲ್ಲ ಎಂದು ನಾನು ಜೋರಾಗಿ ತಲೆಯಾಡಿಸಿದೆ. ಅಪರೇಷನ್ ಆದದ್ದು ಜೂನಿನಲ್ಲಿ, ಚಿಕ್ಕಮ್ಮ ಹೋದದ್ದು ಜುಲೈಯಲ್ಲಿ ಎಂದು ಅಣ್ಣ ಹೇಳಿಲ್ಲವೇ, ಇವರು ಹೇಳಿಲ್ಲವೇ ಎಂದು ಕೈಸನ್ನೆ ಮಾಡಿದೆ. ಅಮ್ಮನಿಗೆ ಅರ್ಥವಾಯಿತು.

"ಅವರು ಹೇಳ್ತಾರೆ, ಮೊದಲೇ ಹೋಗಿತ್ತು ಅಂತ. ನನ್ನ ಸಮಾಧಾನಕ್ಕೆ ಹೇಳುದು. ನಿಮ್ಮನ್ನೆಲ್ಲ ಹೇಗೆ ನಂಬುದು? ಎರಡು ತಿಂಗಳು ನಿನ್ನ ಸ್ವರದಲ್ಲೇ ನನಗೆ ಸುಳ್ಳು ಕೇಳಿಸಿದವರು. ನೀನು ಹೇಳು. ನಿನ್ನ ಬಾಯಲ್ಲಿ ಹೇಳು, ನಂಬ್ತೇನೆ."

ಬರೆದು ತೋರಿಸೋಣವೆಂದರೆ ಅಮ್ಮನಿಗೆ ಓದಲು ಬಾರದು. ನಾನು ಅವರ ಪಕ್ಕಕ್ಕೆ ಹೋಗಿ ಕುಳಿತೆ. ಏಸಿ ಬಂದ್ ಮಾಡಿದೆ. ಅವರ ಬಲಗಿವಿಯ ಕೂದಲು ಸರಿಸಿ, ಬಾಯಿಯನ್ನು ಕಿವಿಗೆ ತಾಗುವಷ್ಟು ಹತ್ತಿರ ತಂದು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒತ್ತಿ ಹೇಳಿದೆ. ಅಮ್ಮಾ, ನನ್ನ ಸ್ವರ ಜೂನಿನಲ್ಲೇ ಹೋಗಿತ್ತು. ನಿಮ್ಮ ಮಾತಿನಿಂದ ಅಲ್ಲ, ನಾನೇ ತಡಮಾಡಿ ಕಳಕೊಂಡದ್ದು. ಮೂರು ಸಲ ಹೇಳಿದೆ. ಕೊರಳಿನ ಗಾಯ ಸುಡುತ್ತಿತ್ತು.

ಅಮ್ಮ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನ ಕೈ ತಟ್ಟಿ, ಹೌದು ಹೌದು ಎಂದು ತಲೆಯಾಡಿಸಿದರು. ಕೇಳಿಸದಾಗಲೂ ಅಮ್ಮ ಎಲ್ಲರಿಗೂ ಹಾಗೆಯೇ ತಲೆಯಾಡಿಸುತ್ತಾರೆ.